ಬಣ್ಣದ ಡಬ್ಬಿ ಒಂದೇ, ಹತ್ತಾರು ಪುಟ್ಟ ಕೈ

ನಮ್ಮ ಸರ್ಕಾರಿ ಶಾಲೆಗಳ ಗೋಡೆಗಳು ಈಗ ಬೋಳಾಗಿಲ್ಲ. ಗಾಂಧಿ, ಅಂಬೇಡ್ಕರ್, ಗಿಡ ನೆಡುವ ಮಕ್ಕಳು, ರೈಲು ಬೋಗಿಯಂತೆ ಕಾಣುವ ಕೊಠಡಿ, ನೋಡಲು ಚೆಂದ. ಬರೆದವರು ಮಾತ್ರ ಪೇಂಟರ್‌ಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆಯಿಂದ ಪೌರನೀತಿ ಕಲಿಸಬೇಕೆಂದರೆ ಬಣ್ಣ ಮಕ್ಕಳ ಕೈಗೆ ಬರಬೇಕು.

ಅದಕ್ಕೆ ಇಲ್ಲಿಯೇ ದಾರಿ ಇದೆ. ಯುನಿಸೆಫ್ ನೆರವಿನಿಂದ 1995ರಲ್ಲಿ ಆಡುತ್ತ ಕಲಿಯುವ ನಲಿಕಲಿ ಪದ್ಧತಿ ಶುರುವಾದದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು ಪಾಠವನ್ನು ಕಾರ್ಡುಗಳಾಗಿ ಬಿಡಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೊಠಡಿಯ ಏರ್ಪಾಟು. ಗೋಡೆಯ ಕೆಳಭಾಗದಲ್ಲಿ, ಪುಟ್ಟ ಕೈಗೆಟಕುವಂತೆ, ಕಪ್ಪುಹಲಗೆಯ ಪಟ್ಟಿ. ಮೇಲೆ ದಾರದ ಚಪ್ಪರ. ಮಕ್ಕಳು ಬರೆದದ್ದು, ಕತ್ತರಿಸಿದ್ದು, ಅಂಟಿಸಿದ್ದು ಅಲ್ಲಿ ತೂಗುತ್ತವೆ. ಜಾಣರದೂ ಹೌದು, ಗೀಚಿದವರದೂ ಹೌದು. ನೆಲದ ಮೇಲೆ ದುಂಡಗೆ ಕೂತ ಗುಂಪಿನಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು. ಕ್ರೇಯಾನ್ ಡಬ್ಬಿ ಒಂದೇ. ಕೆಂಪು ಮೊದಲು ಯಾರಿಗೆ? ಮುರಿದ ತುಂಡು ಯಾರ ಪಾಲಿಗೆ? ಪಕ್ಕದವಳ ಹಾಳೆಯ ಮೇಲೆ ಗೆರೆ ಎಳೆದವನು ಏನು ಮಾಡಬೇಕು? ಸರದಿ, ಸಮಪಾಲು, ಇನ್ನೊಬ್ಬರ ಕೆಲಸಕ್ಕೆ ಕೊಡುವ ಮರ್ಯಾದೆ, ಎಲ್ಲವೂ ಅಲ್ಲೇ ಪಂಚಾಯ್ತಿಯಾಗಿ ತೀರ್ಮಾನವಾಗುತ್ತದೆ.

ನಲಿಕಲಿ ಮುಗಿದು ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಚಪ್ಪರ ಹಿಂದೆ ಉಳಿಯುತ್ತದೆ. ಅದೇ ನಷ್ಟ. ಆ ವಯಸ್ಸಿನವರಿಗೆ ‘ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಿರಿ’ ಅನ್ನಿ. ಪಿರಿಯಾಪಟ್ಟಣದ ಕಡೆಯ ಹುಡುಗ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಬರೆದಾನು, ಬೈಲುಕುಪ್ಪೆಯ ಹತ್ತಿರದವಳು ಕೆಂಪು ನಿಲುವಂಗಿಯ ಲಾಮಾಗಳನ್ನು. ಕೆ.ಆರ್. ನಗರದವರ ಹಾಳೆಯಲ್ಲಿ ನಾಲೆ, ಗದ್ದೆ. ನಾಗರಹೊಳೆ ಅಂಚಿನ ಹಾಡಿಯ ಜೇನುಕುರುಬರ ಮಗುವಿನದರಲ್ಲಿ ಆನೆ ಕಂದಕ. ಒಂದು ತರಗತಿಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಕೇಳಿ: ನಲ್ಲಿ ಯಾರ ಬೀದಿಯಲ್ಲಿದೆ? ಯಾರ ಬೀದಿಯಲ್ಲಿಲ್ಲ? ದಾರಿಯಲ್ಲಿ ಎಲ್ಲಿ ಹೆದರಿಕೆಯಾಗುತ್ತದೆ? ನಮ್ಮ ಗ್ರಾಮ ಪಂಚಾಯ್ತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಮಾತಾಡುವವರು ಸಾಮಾನ್ಯವಾಗಿ ದೊಡ್ಡ ತರಗತಿಯ ಚುರುಕಿನವರು. ಅರ್ಜಿ ಬರೆಯಲು ಬಾರದ ಮಗುವಿಗೆ ಈ ಹಾಳೆಯೇ ಅರ್ಜಿ ಆಗಲಿ.

ಪೌರನೀತಿಯ ದೊಡ್ಡ ಪುಸ್ತಕದಲ್ಲೂ ಚಿತ್ರಗಳಿವೆ. 2023ರಲ್ಲಿ ರಾಜ್ಯ ಸರ್ಕಾರ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಲು ತೀರ್ಮಾನಿಸಿತು. ಓದುವ ಮಕ್ಕಳಿಗೆ ಆ ಸಂವಿಧಾನದ ಮೂಲಪ್ರತಿಯ ಪುಟಗಳನ್ನೂ ತೋರಿಸಬೇಕು. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಿಂದಲೇ ಬರೆದ ಪ್ರತಿ ಅದು. ಅದಕ್ಕೆ ಚಿತ್ರ ಬರೆದವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಬಳಗ. ಸಿಂಧೂ ಕಣಿವೆಯ ಗೂಳಿ, ಬುದ್ಧ, ಅಕ್ಬರ್, ಟಿಪ್ಪು ಮತ್ತು ಲಕ್ಷ್ಮೀಬಾಯಿ, ದಂಡಿಗೆ ನಡೆದ ಗಾಂಧಿ ಒಂದೇ ಪುಸ್ತಕದಲ್ಲಿದ್ದಾರೆ. ಈ ಸೀಮೆಗೂ ಆ ಬಳಗದ ನಂಟಿದೆ: ಮೈಸೂರು ಅರಮನೆಯ ಪ್ರೋತ್ಸಾಹದಲ್ಲಿ ಬೆಳೆದ ಕಲಾವಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿಯುವಾಗ ಇದೇ ನಂದಲಾಲ್ ಅವರ ಜೊತೆಗಾರ.

ಇದನ್ನೆಲ್ಲ ಮಾಡಿಸುವವರು ಯಾರು? ಪ್ರಾಥಮಿಕ ಶಾಲೆಗೆ ಚಿತ್ರಕಲಾ ಶಿಕ್ಷಕರು ಸಿಗುವುದು ಅಪರೂಪ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯವಿರಲಿ ಎಂದಿತ್ತು, ಆದರೆ ಕಲಿಸುವವರು ಬೇಕಲ್ಲ. ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಈ ತಾಲ್ಲೂಕುಗಳ ಶಾಲೆಗೆ ಬಂದು ಶಿಕ್ಷಕರ ಜೊತೆ ಕೂತರೂ ದೊಡ್ಡ ಸಹಾಯ. ಬಂದವರು ಮಕ್ಕಳ ಗೆರೆಯನ್ನು ತಿದ್ದದಿರಲಿ, ಶಿಕ್ಷಕರು ಅಂಕ ಹಾಕದಿರಲಿ.