ಕರಿ ಮರಿಗಳೆಲ್ಲ ಕಡಕ್‌ನಾಥ್ ಅಲ್ಲ

"ಕಡಕ್‌ನಾಥ್ ಮರಿಗಳು ಮಾರಾಟಕ್ಕಿವೆ" ಎಂಬ ವಾಟ್ಸಾಪ್ ಸ್ಟೇಟಸ್ಸನ್ನು ನಮ್ಮಲ್ಲಿ ಹೆಚ್ಚಿನವರು ಒಮ್ಮೆಯಾದರೂ ನೋಡಿರುತ್ತೇವೆ. ಫೋಟೋದಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಕಪ್ಪಗಿನ ಇಪ್ಪತ್ತು ಮೂವತ್ತು ಮರಿಗಳು. ಬೆಲೆ ಮಾತ್ರ ಸಾಮಾನ್ಯ ಮರಿಯ ಬೆಲೆಗಿಂತ ಹಲವು ಪಟ್ಟು. ಮನೆಯ ಹಿತ್ತಲಲ್ಲಿ ಕೋಳಿ ಸಾಕಿ ಖರ್ಚಿಗೆ ದಾರಿ ಮಾಡಿಕೊಳ್ಳುವ ತಾಯಂದಿರು ಕೂಡಿಟ್ಟ ಹಣ ಕೊಟ್ಟು ಅದನ್ನು ತರುತ್ತಾರೆ. ನಾಲ್ಕು ತಿಂಗಳಾದ ಮೇಲೆ ಕೆಂಪು ಜುಟ್ಟು, ಬಿಳಿ ಚರ್ಮದ ಮಾಮೂಲಿ ಕರಿ ಕೋಳಿ ಎದುರಿಗೆ ನಿಂತರೆ ಆಗ ಕೇಳುವುದು ಯಾರನ್ನು? ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್. ಆದ್ದರಿಂದ ಮರಿಯಾಗಿರುವಾಗಲೇ ಗುರುತಿಸುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಭಾಗದ ತಳಿ. ಅಲ್ಲಿನ ಭಿಲ್ ಮತ್ತು ಭಿಲಾಲ ಬುಡಕಟ್ಟಿನವರು ತಲೆಮಾರುಗಳಿಂದ ಸಾಕಿಕೊಂಡು ಬಂದದ್ದು. ಮಾಂಸವೇ ಕಪ್ಪಾಗಿರುವುದರಿಂದ ಅವರು ಅದನ್ನು ಕಾಲಿಮಾಸಿ ಎನ್ನುತ್ತಾರೆ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲು ಛತ್ತೀಸ್‌ಗಢವೂ ತನ್ನ ದಾಂತೇವಾಡಕ್ಕೆ ಆ ಹಕ್ಕು ಬೇಕೆಂದು ಕೇಳಿತ್ತು. 2020ರಲ್ಲಿ ಮಹೇಂದ್ರ ಸಿಂಗ್ ಧೋನಿ 2,000 ಮರಿಗಳಿಗೆ ಆರ್ಡರ್ ಕೊಟ್ಟ ಸುದ್ದಿ ಬಂದ ಮೇಲಂತೂ ಕೋಳಿಯ ಗಂಧವೇ ಇಲ್ಲದವರ ಬಾಯಲ್ಲೂ ಈ ಹೆಸರು ಬಂತು. ಹೆಸರಿಗೆ ಬೆಲೆ ಬಂದರೆ ನಕಲಿಯೂ ಬರುತ್ತದೆ.

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ, ಪುಕ್ಕದ ಕಪ್ಪು ಬೇರೆ, ಚರ್ಮದ ಕಪ್ಪು ಬೇರೆ. ಎರಡನ್ನೂ ನಿರ್ಧರಿಸುವ ಜೀನ್‌ಗಳೇ ಬೇರೆ. ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಭ್ರೂಣದ ಬೆನ್ನಿನ ಭಾಗದಿಂದ ಹೊರಟು ಚರ್ಮಕ್ಕೂ ಪುಕ್ಕದ ಬುಡಕ್ಕೂ ಹೋಗಿ ನೆಲೆಸುತ್ತವೆ. ಸಾಮಾನ್ಯ ಕೋಳಿಯಲ್ಲಿ ಅಲ್ಲಿಗೆ ಮುಗಿಯಿತು. ಕಡಕ್‌ನಾಥ್‌ನಂಥ ಕೋಳಿಯಲ್ಲಿ 20ನೇ ವರ್ಣತಂತುವಿನ ಒಂದು ಭಾಗ ಇಮ್ಮಡಿಯಾಗಿದೆ. ಎಂಡೋಥೀಲಿನ್-3 ಎಂಬ ಪ್ರೋಟೀನಿನ ಜೀನ್ ಇರುವುದು ಆ ಭಾಗದಲ್ಲೇ. ಆ ಪ್ರೋಟೀನ್ ಹೆಚ್ಚಾದಾಗ ಬಣ್ಣದ ಕೋಶಗಳು ಮಿತಿಮೀರಿ ಬೆಳೆದು ಸ್ನಾಯು, ಮೂಳೆಯ ಹೊದಿಕೆ, ಶ್ವಾಸನಾಳ ಎಲ್ಲವನ್ನೂ ಹೊಕ್ಕುತ್ತವೆ. ಇದಕ್ಕೆ ಫೈಬ್ರೋಮೆಲನೋಸಿಸ್ ಎಂದು ಹೆಸರು. ಚೀನಾದ ಸಿಲ್ಕಿ, ಇಂಡೋನೇಷ್ಯಾದ ಆಯಂ ಚೆಮಾನಿ, ಸ್ವೀಡನ್ನಿನ ಸ್ವಾರ್ಟ್ ಹೋನಾ ತಳಿಗಳಲ್ಲಿಯೂ ಇದೇ ಬದಲಾವಣೆ ಇದೆ. ಬಿಳಿ ಸಿಲ್ಕಿಯನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ಮೇಲೆ ಹಾಲಿನಂಥ ಪುಕ್ಕ, ಅದರಡಿ ಕಪ್ಪು ಚರ್ಮ. (ರಕ್ತವೂ ಕಪ್ಪು, ಮೊಟ್ಟೆಯೂ ಕಪ್ಪು ಎಂದು ಹೇಳುವವರಿದ್ದಾರೆ. ರಕ್ತ ಕೆಂಪೇ. ಕಡಕ್‌ನಾಥ್ ಮೊಟ್ಟೆ ತಿಳಿ ಕಂದು. ಕಪ್ಪು ಮೊಟ್ಟೆಯ ಫೋಟೋ ಕಳಿಸುವವರಿಂದ ಮರಿ ಕೊಳ್ಳದಿರುವುದು ಕ್ಷೇಮ.)

ಇದು ಅರ್ಥವಾದರೆ ಮರಿಯನ್ನು ನೋಡುವ ಕ್ರಮವೇ ಬದಲಾಗುತ್ತದೆ. ಕೈಯಲ್ಲಿ ಹಿಡಿದು ಬೆನ್ನಿನ ಬಣ್ಣ ನೋಡುವುದರಿಂದ ಪ್ರಯೋಜನ ಕಡಿಮೆ. ಒಂದು ದಿನದ ಕಡಕ್‌ನಾಥ್ ಮರಿಯ ತುಪ್ಪಳ ನೀಲಿ ಛಾಯೆಯಿಂದ ಕಪ್ಪಿನವರೆಗೆ ಇರುತ್ತದೆ, ಬೆನ್ನ ಮೇಲೆ ಅಡ್ಡಾದಿಡ್ಡಿ ಗಾಢ ಪಟ್ಟೆಗಳಿರುತ್ತವೆ. ಆಸ್ಟ್ರೇಲಿಯಾದ ಬ್ಲ್ಯಾಕ್ ಆಸ್ಟ್ರಲಾರ್ಪ್ ಮರಿಯ ಬೆನ್ನು ಕಡುಕಪ್ಪು. ಹೊಟ್ಟೆ, ರೆಕ್ಕೆಯ ತುದಿ, ಗಲ್ಲ ಬಿಳಿ ಅಥವಾ ತಿಳಿಹಳದಿ. ಅಂದರೆ ದೂರದಿಂದ ನೋಡುವವನಿಗೆ ಆಸ್ಟ್ರಲಾರ್ಪ್ ಮರಿಯೇ ಹೆಚ್ಚು ಕಪ್ಪಾಗಿ ಕಂಡೀತು! ಪೂರ್ತಿ ಕಪ್ಪು ಪುಕ್ಕದ ಹಲವು ತಳಿಗಳು ಮರಿಯಾಗಿದ್ದಾಗ ಹೀಗೆ ಬಿಳಿ ಹೊಟ್ಟೆಯವೇ. ಪುಕ್ಕ ಬದಲಾದಂತೆ ಬಿಳಿ ಮಾಯವಾಗುತ್ತದೆ. ಹೊಟ್ಟೆಯಡಿ ಸ್ವಲ್ಪ ಬಿಳಿ ಇದೆಯೆಂದು ಒಳ್ಳೆಯ ಮರಿಯನ್ನು ತಿರಸ್ಕರಿಸುವುದೂ ಸರಿಯಲ್ಲ.

ನೋಡಬೇಕಾದದ್ದು ತುಪ್ಪಳದ ಅಡಿ. ಹಗಲು ಬೆಳಕಿನಲ್ಲಿ ಮರಿಯ ಹೊಟ್ಟೆಯ ಮೇಲೆ ಮೆಲ್ಲಗೆ ಊದಿದರೆ ತುಪ್ಪಳ ಬಿಡಿಸಿಕೊಂಡು ಚರ್ಮ ಕಾಣುತ್ತದೆ. ಕಡಕ್‌ನಾಥ್‌ನಲ್ಲಿ ಅದು ಸ್ಲೇಟಿನಂತೆ ಬೂದುಗಪ್ಪು. ನಾಟಿ ಕರಿ ಕೋಳಿಯಲ್ಲೋ ಆಸ್ಟ್ರಲಾರ್ಪ್‌ನಲ್ಲೋ ಗುಲಾಬಿ ಇಲ್ಲವೇ ಬಿಳಿ. ಆಮೇಲೆ ಕೊಕ್ಕನ್ನು ತುಸು ತೆರೆದು ನಾಲಿಗೆ ನೋಡಿ. ಕೊನೆಗೆ ಮರಿಯನ್ನು ಮಗುಚಿ ಪಾದದ ಅಡಿ ನೋಡಿ. ನನ್ನ ಮಟ್ಟಿಗೆ ಇದು ಅತಿ ಉಪಯುಕ್ತ ಗುರುತು, ಏಕೆಂದರೆ ಕಾಲು ಕಪ್ಪಾಗಿರುವ ತಳಿಗಳು ಬೇಕಾದಷ್ಟಿವೆ, ಅಂಗಾಲು ಕಪ್ಪಾಗಿರುವವು ಕೆಲವೇ. ಆಸ್ಟ್ರಲಾರ್ಪ್ ಅಂಗಾಲು ಬಿಳಿ, ಅಮೆರಿಕದ ಜರ್ಸಿ ಜೈಂಟ್ ಅಂಗಾಲು ಹಳದಿ. ಈ ಎರಡು ಮರಿಗಳನ್ನು ಬೇರ್ಪಡಿಸಲೂ ಅಂಗಾಲೇ ದಾರಿ. ಬಣ್ಣ ಹಾಕಿದ ಮರಿಗಳನ್ನು ಜಾತ್ರೆಗಳಲ್ಲಿ ನೋಡಿದ್ದೇವಲ್ಲ, ಆ ಬಣ್ಣ ತುಪ್ಪಳಕ್ಕೆ ಹತ್ತುತ್ತದೆಯೇ ಹೊರತು ನಾಲಿಗೆಗಲ್ಲ.

ಸಿಲ್ಕಿಯನ್ನು ಬೇರ್ಪಡಿಸುವುದು ಸುಲಭ: ಬೆರಳು ಎಣಿಸಿದರೆ ಸಾಕು. ಅದಕ್ಕೆ ಐದು, ಕಡಕ್‌ನಾಥ್‌ಗೆ ನಾಲ್ಕು. ಸಿಲ್ಕಿಯ ಕಾಲಿನ ಮೇಲೂ ತುಪ್ಪಳ ಇರುತ್ತದೆ. ಆಯಂ ಚೆಮಾನಿಯೊಂದಿಗೆ ಮಾತ್ರ ತಲೆನೋವು. ಅದಕ್ಕೂ ನಾಲ್ಕೇ ಬೆರಳು, ಒಂಟಿ ಜುಟ್ಟು, ಕಪ್ಪು ಬಾಯಿ. ಬೆಳೆದ ಮೇಲೆ ಚೆಮಾನಿಯ ಜುಟ್ಟು, ಮುಖ ಕಡುಕಪ್ಪಾಗಿರುತ್ತವೆ, ಕಡಕ್‌ನಾಥ್ ಜುಟ್ಟು ನೇರಳೆಗೆ ತಿರುಗುತ್ತದೆ. ಒಂದು ದಿನದ ಮರಿಯಲ್ಲಿ ಇದನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಹಾಗೆಯೇ ಕಡಕ್‌ನಾಥ್‌ನ ಮೂರು ಬಗೆಗಳಾದ ಜೆಟ್ ಬ್ಲ್ಯಾಕ್, ಪೆನ್ಸಿಲ್ಡ್, ಗೋಲ್ಡನ್ ಇವುಗಳ ಗೆರೆ, ಹೊಂಬಣ್ಣ ಕಾಣಬೇಕಾದರೂ ಪುಕ್ಕ ಬರುವ ತನಕ ಕಾಯಬೇಕು.

ಇನ್ನು ನಿಜವಾದ ಕಷ್ಟ: ಮಿಶ್ರತಳಿ. ದ್ವಿತೀಯ ಪಿಯು ವಿಜ್ಞಾನ ವಿಭಾಗದವರು ಇಲ್ಲಿ ಪೆನ್ನು ಹಿಡಿಯಬಹುದು. ಚರ್ಮವನ್ನು ಕಪ್ಪಾಗಿಸುವ ಜೀನ್ ಪ್ರಬಲ, ಒಂದು ಪ್ರತಿ ಇದ್ದರೂ ಕೆಲಸ ಮಾಡುತ್ತದೆ. ಆದರೆ ಅದನ್ನು ತಡೆಯುವ ಇನ್ನೊಂದು ಜೀನ್ ಝಡ್ ವರ್ಣತಂತುವಿನಲ್ಲಿದೆ. ಆ ತಡೆಯೂ ಪ್ರಬಲವೇ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ ಎಂದು ಓದಿದ್ದೇವೆ. ಕಡಕ್‌ನಾಥ್ ಹುಂಜಕ್ಕೆ ತಡೆಯಿಲ್ಲ. ಹಳದಿ ಕಾಲಿನ ರೋಡ್ ಐಲ್ಯಾಂಡ್ ರೆಡ್ ಹೇಂಟೆಗೆ ತಡೆ ಇದೆ. ಇವೆರಡನ್ನು ಕೂಡಿಸಿದರೆ ತಾಯಿಯ ಝಡ್ ಹೋಗುವುದು ಗಂಡು ಮರಿಗಳಿಗೆ ಮಾತ್ರ. ಹಾಗಾಗಿ ಗಂಡು ಮರಿಗಳ ಚರ್ಮ ತಿಳಿಯಾಗುತ್ತದೆ, ಹೆಣ್ಣು ಮರಿಗಳ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಸಿಲ್ಕಿ ಮತ್ತು ಬ್ರೌನ್ ಲೆಗ್‌ಹಾರ್ನ್ ಕೋಳಿಗಳನ್ನು ಕೂಡಿಸಿ ಇದನ್ನು ಬೇಟ್ಸನ್ ಮತ್ತು ಪನ್ನೆಟ್ 1911ರಲ್ಲೇ ವಿವರಿಸಿದ್ದರು. ನಮ್ಮ ಪನ್ನೆಟ್ ಚೌಕದ ಅದೇ ಪನ್ನೆಟ್.

ಮಾರುವವನು ಈ ಹೆಣ್ಣು ಮರಿಗಳನ್ನಷ್ಟೇ ಆರಿಸಿ ಪೆಟ್ಟಿಗೆಗೆ ಹಾಕಿದರೆ ನಾಲಿಗೆ, ಅಂಗಾಲು ನೋಡಿ ಹಿಡಿಯಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಆರಿಸಿಟ್ಟ ಹತ್ತು ಮರಿಗಳನ್ನಲ್ಲ, ಒಟ್ಟಿಗೆ ಹೊರಬಂದ ಇಡೀ ಗುಂಪನ್ನು ನೋಡಬೇಕು. ಶುದ್ಧ ತಳಿಯ ಹುಂಜ ಹೇಂಟೆಗಳಿಗೆ ಗುಲಾಬಿ ಚರ್ಮದ ಮರಿ ಹುಟ್ಟುವುದಿಲ್ಲ. ಗುಂಪಿನಲ್ಲಿ ಅಂಥವು ನಾಲ್ಕಾರು ಕಂಡರೆ ಹೆತ್ತವುಗಳಲ್ಲಿ ಬೆರಕೆ ಇದೆ ಅಥವಾ ಬೇರೆ ಮೊಟ್ಟೆ ಸೇರಿದೆ. ಇದಕ್ಕೆ ವಿರುದ್ಧವಾದದ್ದು ನಿಜವಲ್ಲ ಎಂಬುದು ನೆನಪಿರಲಿ. ಮಿಶ್ರತಳಿಯ ಕಪ್ಪು ಹೇಂಟೆಗೆ ಶುದ್ಧ ಹುಂಜವನ್ನು ಕೂಡಿಸಿದರೆ ಎಲ್ಲ ಮರಿಗಳೂ ಕಪ್ಪೇ. ಮಿಶ್ರತಳಿ ಎಂದರೆ ಕೆಟ್ಟದ್ದೇನಲ್ಲ. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯೇ ಕಡಕ್‌ನಾಥ್ ಬೆರೆಸಿ ಕ್ಯಾರಿ ಶ್ಯಾಮಾ ಎಂಬ ಕೋಳಿಯನ್ನು ಹೊರತಂದಿದೆ. ಅದನ್ನು ಅದರ ಹೆಸರಿನಲ್ಲೇ ಮಾರಬೇಕು, ಅಷ್ಟೆ.

ಹಣ ಕೊಡುವ ಮುಂಚೆ ಹೆತ್ತ ಕೋಳಿಗಳನ್ನು ತೋರಿಸಿ ಎಂದು ಕೇಳಿ. ಹುಂಜ ಹೇಂಟೆ ಎರಡರ ಜುಟ್ಟು, ನಾಲಿಗೆ, ಅಂಗಾಲು ನೋಡಿ. "ಅವು ಬೇರೆ ಊರಿನಲ್ಲಿವೆ" ಎಂಬ ಉತ್ತರ ಬಂದರೆ ನಾಟಿ ಮರಿಯ ಬೆಲೆಗಿಂತ ಹೆಚ್ಚು ಕೊಡಬೇಡಿ. ಪರೀಕ್ಷೆಗೆಂದು ಮರಿಯನ್ನು ಹೊತ್ತುಗಟ್ಟಲೆ ಕೈಯಲ್ಲಿ ಇಟ್ಟುಕೊಳ್ಳಬಾರದು. ಮೊದಲ ವಾರ ಅದಕ್ಕೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಊದಿ, ಬಾಯಿ ನೋಡಿ, ಪಾದ ನೋಡಿ ಬಲ್ಬಿನ ಕೆಳಗೆ ಬಿಟ್ಟುಬಿಡಿ, ಆಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.