ಡಬ್ಬಿ ಮಾತಾಡಲಿ!

ಅಕ್ಕಿಆಲೂರಿನ ಸಂತೆಯಲ್ಲಿ ಬದನೆಕಾಯಿ ಕೊಂಡ ಮೊಮ್ಮಗಳು ಫೋನಿನಿಂದ 40 ರೂಪಾಯಿ ಕಳಿಸಿದಳು. ಮಾರುವಾಕೆ ಚೀಲ ಬಿಡಲಿಲ್ಲ. “ತಡಿಯವ್ವಾ, ಡಬ್ಬಿ ಮಾತಾಡ್ಲಿ!” ಹಣ ಬಂತೆಂದು ಡಬ್ಬಿ ಕೂಗಿದ ಮೇಲೆಯೇ ನಕ್ಕಳು.

2016ರಲ್ಲಿ ಯುಪಿಐ ಬಂದಾಗ ಕಣ್ಣಿಗೆ ಕಾಣದ ರೊಕ್ಕವನ್ನು ನಾನೂ ನಂಬಿರಲಿಲ್ಲ. ಆಮೇಲೆ ನಂಬಿದೆ, ತುಸು ಹೆಚ್ಚೇ ನಂಬಿದೆ! ಒಮ್ಮೆ ಯಾರೋ ಫೋನ್ ಮಾಡಿ, “ನಿಮಗೆ 5,000 ರೂಪಾಯಿ ಬರಬೇಕು, ಪಿನ್ ಒತ್ತಿ” ಎಂದ. ಒತ್ತುವುದರಲ್ಲಿದ್ದೆ. ಮೊಮ್ಮಗಳು ಕೈ ಹಿಡಿದಳು: “ಅಜ್ಜಾ, ರೊಕ್ಕ ಬರಾಕ ಪಿನ್ ಬೇಕಿಲ್ಲ. ಒತ್ತಿದರ ನಿಂದಽ ಹೊಕ್ಕೈತಿ!”

ಮಕ್ಕಳೇ, ಮನೆಯ ಹಿರಿಯರಿಗೆ ಇದನ್ನು ಇಂದೇ ತಿಳಿಸಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಚಿಲ್ಲರೆ ಎಣಿಸುವುದನ್ನು ನಿಮಗೆ ನಾವು ಕಲಿಸಿದೆವು. ಈಗ ಕಲಿಸುವ ಸರದಿ ನಿಮ್ಮದು.