ಕೈರಲ್ ಸ್ಥಿರ ಪ್ರಾವಸ್ಥೆ

ಕೈರಲ್ ಸ್ಥಿರ ಪ್ರಾವಸ್ಥೆಯು ದ್ರವ ಕ್ರೊಮ್ಯಾಟೋಗ್ರಫಿಯಲ್ಲಿ ಪರಸ್ಪರ ಕನ್ನಡಿಬಿಂಬಗಳಂತಿರುವ ಅಣುಗಳನ್ನು ಬೇರ್ಪಡಿಸಲು ಕಾಲಂನೊಳಗೆ ತುಂಬುವ ವಸ್ತು. ಎಡಗೈ ಮತ್ತು ಬಲಗೈಗಳಂತೆ ಒಂದರ ಮೇಲೊಂದು ಹೊಂದಿಕೊಳ್ಳದ ಇಂತಹ ಅಣುಗಳನ್ನು ಎನಾನ್ಶಿಯೋಮರ್‌ಗಳು ಎಂದು ಕರೆಯುತ್ತಾರೆ. ಔಷಧಗಳ ಶುದ್ಧತೆಯ ಪರೀಕ್ಷೆಯಲ್ಲಿ ಈ ಪ್ರಾವಸ್ಥೆಗಳು ವ್ಯಾಪಕವಾಗಿ ಬಳಕೆಯಲ್ಲಿವೆ.

ಹಿನ್ನೆಲೆ

ದ್ರವ ಕ್ರೊಮ್ಯಾಟೋಗ್ರಫಿಯಲ್ಲಿ ಮಿಶ್ರಣವು ಚಲ ಪ್ರಾವಸ್ಥೆಯಾದ ದ್ರಾವಕದೊಂದಿಗೆ ಕಾಲಂನ ಮೂಲಕ ಹರಿಯುತ್ತದೆ. ಸ್ಥಿರ ಪ್ರಾವಸ್ಥೆಗೆ ಹೆಚ್ಚು ಅಂಟಿಕೊಳ್ಳುವ ಘಟಕವು ತಡವಾಗಿ ಹೊರಬರುತ್ತದೆ. ಸಿಲಿಕಾ ಕಣಗಳಿಗೆ 18 ಇಂಗಾಲದ ಸರಪಳಿಗಳನ್ನು ಜೋಡಿಸಿದ ಸಾಮಾನ್ಯ ಸಿ18 ಕಾಲಂ, ಅಣುಗಳನ್ನು ಮುಖ್ಯವಾಗಿ ಅವುಗಳ ಜಲವಿಕರ್ಷಕ ಗುಣದ ಆಧಾರದಲ್ಲಿ ಬೇರ್ಪಡಿಸುತ್ತದೆ. ಎನಾನ್ಶಿಯೋಮರ್‌ಗಳಲ್ಲಿ ಈ ಗುಣ ಒಂದೇ ಆಗಿರುವುದರಿಂದ ಅವು ಒಟ್ಟಿಗೇ ಹೊರಬರುತ್ತವೆ.

ದೇಹದ ಪ್ರೋಟೀನ್‌ಗಳು ಸ್ವತಃ ಕೈರಲ್ ಆಗಿರುವುದರಿಂದ ದೇಹದಲ್ಲಿ ಈ ಎರಡು ರೂಪಗಳ ಪರಿಣಾಮ ಭಿನ್ನವಾಗಬಲ್ಲದು. ಉದಾಹರಣೆಗೆ, ಪೆನಿಸಿಲಮೈನ್‌ನ ಡಿ ರೂಪವು ದೇಹದಲ್ಲಿ ತಾಮ್ರ ಸಂಗ್ರಹವಾಗುವ ವಿಲ್ಸನ್ ಕಾಯಿಲೆಗೆ ಔಷಧ. ಅದರ ಎಲ್ ರೂಪ ವಿಷಕಾರಿ. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಪ್ರತಿ ರೂಪವನ್ನೂ ಪ್ರತ್ಯೇಕವಾಗಿ ಅಳೆಯುವ ವಿಧಾನಗಳನ್ನು ಔಷಧ ಅಭಿವೃದ್ಧಿಯ ಆರಂಭದಲ್ಲೇ ರೂಪಿಸಬೇಕೆಂದು ಸೂಚಿಸಿತು.

ವಿನ್ಯಾಸದ ತತ್ವ

ಬಲಗೈಯ ಕೈಗವಸು ಎಡಗೈಗೆ ಸರಿಯಾಗಿ ಹೊಂದುವುದಿಲ್ಲ. ಅದೇ ರೀತಿ, ಎಡ-ಬಲ ರೂಪಗಳನ್ನು ಗುರುತಿಸಲು ಸ್ಥಿರ ಪ್ರಾವಸ್ಥೆಯೂ ಕೈರಲ್ ಆಗಿರಬೇಕು. ಅಣು ಮತ್ತು ಪ್ರಾವಸ್ಥೆಯ ನಡುವೆ ಕನಿಷ್ಠ ಮೂರು ಕಡೆ ಅಂತರಕ್ರಿಯೆ ಇರಬೇಕು. ಅವುಗಳಲ್ಲಿ ಒಂದಾದರೂ ಅಣುವಿನ ಎಡ-ಬಲ ರೂಪವನ್ನು ಅವಲಂಬಿಸಿರಬೇಕು ಎಂಬುದು ವಿನ್ಯಾಸದ ಮೂಲ ನಿಯಮ.

ಅಂಟಿಕೊಳ್ಳುವ ಶಕ್ತಿಯಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಸಾಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಮೋಲ್‌ಗೆ ಸುಮಾರು 0.24 ಕಿಲೋಜೂಲ್ ಅಂತರವಿದ್ದರೆ, ಒಂದು ರೂಪವು ಮತ್ತೊಂದಕ್ಕಿಂತ ಶೇ. 10ರಷ್ಟು ಹೆಚ್ಚು ಹಿಡಿದಿಡಲ್ಪಡುತ್ತದೆ. ಅಂಟಿಕೊಂಡು ಬಿಡುವ ಕ್ರಿಯೆ ಕಾಲಂನ ಉದ್ದಕ್ಕೂ ಸಾವಿರಾರು ಬಾರಿ ನಡೆಯುವುದರಿಂದ ಈ ಸಣ್ಣ ಅಂತರವೇ ಸ್ಪಷ್ಟ ಬೇರ್ಪಡೆಯಾಗಿ ಪರಿಣಮಿಸುತ್ತದೆ.

ಪ್ರಮುಖ ಬಗೆಗಳು

ಪಿರ್ಕಲ್ ಪ್ರಾವಸ್ಥೆ: ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಪಿರ್ಕಲ್ ಅಮೈನೋ ಆಮ್ಲದಿಂದ ಪಡೆದ ಸಣ್ಣ ಅಣುಗಳನ್ನು ಸಿಲಿಕಾಕ್ಕೆ ಜೋಡಿಸಿದರು. ಇವುಗಳ ಹೈಡ್ರೋಜನ್ ಬಂಧಗಳು ಮತ್ತು ಎಲೆಕ್ಟ್ರಾನ್ ಕೊರತೆಯುಳ್ಳ ಬೆಂಜೀನ್ ಉಂಗುರಗಳು ಗುರುತಿಸುವ ಕಾರ್ಯ ಮಾಡುತ್ತವೆ.

ಸೈಕ್ಲೋಡೆಕ್ಸ್‌ಟ್ರಿನ್ ಪ್ರಾವಸ್ಥೆ: ಗ್ಲೂಕೋಸ್ ಘಟಕಗಳು ಉಂಗುರವಾಗಿ ಜೋಡಣೆಗೊಂಡ ಬಟ್ಟಲಿನಾಕಾರದ ಅಣುಗಳಿವು, ಬೀಟಾ ರೂಪದಲ್ಲಿ 7 ಘಟಕಗಳಿರುತ್ತವೆ. ಬೇರ್ಪಡಬೇಕಾದ ಅಣು ಬಟ್ಟಲಿನ ಒಳಗೆ ಕೂರುತ್ತದೆ.

ಪಾಲಿಸ್ಯಾಕರೈಡ್ ಪ್ರಾವಸ್ಥೆ: ಜಪಾನಿನ ಯೋಶಿಯೊ ಒಕಾಮೊಟೊ 1980ರ ದಶಕದಲ್ಲಿ ಸೆಲ್ಯುಲೋಸ್ ಮತ್ತು ಅಮೈಲೋಸ್‌ಗಳ ಫಿನೈಲ್‌ಕಾರ್ಬಮೇಟ್ ಉತ್ಪನ್ನಗಳನ್ನು ಸಿಲಿಕಾ ಕಣಗಳ ಮೇಲೆ ಲೇಪಿಸಿದರು. ಈ ಪಾಲಿಮರ್‌ಗಳ ಸುರುಳಿಯ ತೋಡುಗಳು ಹಲವು ಬಗೆಯ ಅಣುಗಳನ್ನು ಗುರುತಿಸುವುದರಿಂದ ಇಂದು ಇವೇ ಹೆಚ್ಚು ಬಳಕೆಯಲ್ಲಿವೆ. ಒಕಾಮೊಟೊ ಅವರಿಗೆ 2019ರಲ್ಲಿ ಜಪಾನ್ ಪ್ರಶಸ್ತಿ ದೊರೆಯಿತು.

ಮಿತಿಗಳು

ಲೇಪಿತ ಪಾಲಿಸ್ಯಾಕರೈಡ್ ಪದರವು ಕ್ಲೋರೋಫಾರ್ಮ್, ಟೆಟ್ರಾಹೈಡ್ರೋಫ್ಯೂರಾನ್‌ನಂತಹ ದ್ರಾವಕಗಳಲ್ಲಿ ಕರಗಿ ಕಾಲಂ ಹಾಳಾಗುತ್ತದೆ. ಪಾಲಿಮರನ್ನು ರಾಸಾಯನಿಕವಾಗಿ ಸಿಲಿಕಾದ ಮೇಲೆ ಸ್ಥಿರಗೊಳಿಸಿದ ನಂತರದ ಪ್ರಾವಸ್ಥೆಗಳಲ್ಲಿ ಈ ತೊಂದರೆಯಿಲ್ಲ. ಎಲ್ಲ ಅಣುಗಳಿಗೂ ಹೊಂದುವ ಒಂದೇ ಪ್ರಾವಸ್ಥೆ ಇಲ್ಲದ ಕಾರಣ, ಪ್ರಯೋಗಾಲಯಗಳು ಹೊಸ ಸಂಯುಕ್ತವನ್ನು ಹಲವು ಕಾಲಂಗಳಲ್ಲಿ ಪರೀಕ್ಷಿಸಿ ಸೂಕ್ತವಾದುದನ್ನು ಆರಿಸಿಕೊಳ್ಳುತ್ತವೆ.